ಸಲಾಂ ಇಲ್ಲದ ಕೋಲು

ಆಳಂದದ ಪ್ಯಾರಿಬಿ ಸರಕಾರಿ ಕಾಗದದ ಮೇಲೆ ಅಡುಗೆಯ ಸಹಾಯಕಿ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ನಲವತ್ತು ಹುಡುಗಿಯರಿಗೆ ರೊಟ್ಟಿ ಬಡಿಯುವುದು, ಬೇಳೆ ಬೇಯಿಸುವುದು, ಪಾತ್ರೆ ತಿಕ್ಕುವುದು, ಜ್ವರ ಬಂದವರ ಹಣೆಗೆ ಒದ್ದೆ ಬಟ್ಟೆ ಹಾಕುವುದು ಅವಳ ಕೆಲಸ. ಆದರೆ ಎಂಬತ್ತು-ತೊಂಬತ್ತರ ದಶಕದಲ್ಲಿ ಅಲ್ಲಿ ಓದಿದ ಯಾವ ಹೆಣ್ಣುಮಗಳನ್ನಾದರೂ ಕೇಳಿ ನೋಡಿ, ಬೇಳೆಯ ರುಚಿಯನ್ನು ಯಾರೂ ನೆನೆಯುವುದಿಲ್ಲ. ಬೇಳೆ ಅಷ್ಟೇನೂ ಚೆನ್ನಾಗಿರಲಿಲ್ಲ, ಸುಳ್ಳು ಯಾಕೆ ಹೇಳಬೇಕು. ಅವರು ಮೊಣಕೈ ಸವರಿಕೊಂಡು, 'ಇಲ್ಲಿ ಖಾಲಾ ಹೊಡೆದಿದ್ದಳು' ಎಂದು ತೋರಿಸುತ್ತಾರೆ. ಹಿಂದೂ ಹುಡುಗಿಯರೂ ಮುಸಲ್ಮಾನರ ಹುಡುಗಿಯರೂ ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ಪ್ಯಾರಿಬಿ ಅವರಿಗೆಲ್ಲ ಕೋಲು ತಿರುಗಿಸುವುದನ್ನು ಕಲಿಸಿದವಳು.

ಅವಳಿಗೆ ಕಲಿಸಿದವನು ತಂದೆ ಹುಸೇನಪೀರ. ಆತ ಊರಿನ ಹಳೆಯ ತಾಲೀಮಿನ ಉಸ್ತಾದ, ಗರಡಿಯ ಗುರು. ತಾಲೀಮು ಎಂದರೆ ದೊಡ್ಡ ಕಟ್ಟಡವೇನಲ್ಲ. ಒಂದು ತಗ್ಗಿನ ಕೋಣೆ, ನಡುವೆ ಎಣ್ಣೆ ಮಜ್ಜಿಗೆ ಅರಿಶಿನ ಬೆರೆಸಿ ಹದ ಮಾಡಿದ ಕೆಂಪು ಮಣ್ಣು, ಗೋಡೆಗೆ ಒರಗಿಸಿದ ಕೋಲುಗಳು, ಮೂಲೆಯಲ್ಲಿ ಎತ್ತುವ ಕಲ್ಲುಗಳು. ಸಾಬರ ಹುಡುಗರೂ ಲಿಂಗಾಯತರ ಹುಡುಗರೂ ಅದೇ ಮಣ್ಣಿನಲ್ಲಿ ಬಿದ್ದು ಅದೇ ಮಣ್ಣಿನಲ್ಲಿ ಏಳುತ್ತಿದ್ದರು. ಯಾರದಾದರೂ ಕೈಕಾಲು ಮುರಿದರೆ ಕಟ್ಟು ಹಾಕುವವನೂ ಉಸ್ತಾದನೇ. ಹೆಂಗಸು ಮಾತ್ರ ಆ ಹೊಸ್ತಿಲು ದಾಟುವಂತಿರಲಿಲ್ಲ. ಅದನ್ನು ಯಾರೂ ಬರೆದಿಟ್ಟಿರಲಿಲ್ಲ, ಬರೆದಿಡುವ ಅಗತ್ಯವೂ ಇರಲಿಲ್ಲ.

ಹುಸೇನಪೀರನಿಗೆ ಎರಡು ಗಂಡುಮಕ್ಕಳು ಹುಟ್ಟಿ ಎರಡೂ ಕೈಗೆ ಬರಲಿಲ್ಲ. ಉಳಿದದ್ದು ಪ್ಯಾರಿ ಒಬ್ಬಳೇ. ಅವಳಿಗೆ ಎಂಟು ವರ್ಷವಾದಾಗ ಆತ ಒಂದು ಸಂಜೆ ಹಿತ್ತಲಿನಲ್ಲಿ ನೆಲ ಗುಡಿಸಿ, ನೀರು ಚಿಮುಕಿಸಿ, ಅವಳ ಎತ್ತರಕ್ಕೆ ಕತ್ತರಿಸಿದ ಒಂದು ಬಿದಿರು ಕೋಲು ಕೈಗೆ ಕೊಟ್ಟ. ತಾಯಿ ಅಜೀಜಾಬಿ ಒಲೆಯ ಮುಂದಿನಿಂದಲೇ ಕೂಗಾಡಿದಳು. ಆತ ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ಕೋಲು ತಿರುಗಿಸುವ ಮೊದಲು ಒಂದು ತಿಂಗಳು ಸಲಾಂ ಒಂದನ್ನೇ ಕಲಿಸಿದ. ಕೋಲನ್ನು ಪಾದದ ಮುಂದೆ ಅಡ್ಡ ಮಲಗಿಸಬೇಕು. ಬಾಗಿ ಬಲಗೈಯಿಂದ ಮಣ್ಣು ಮುಟ್ಟಿ, ಆ ಕೈಯನ್ನು ಹಣೆಗೆ ಒಯ್ದು, ಎದೆಗೆ ತಂದು, ಎದುರಿಗೆ ನಿಂತವನ ಕಣ್ಣು ನೋಡಬೇಕು. ಅವನೂ ಹಾಗೆಯೇ ಮಾಡಿದ ಮೇಲೆ ಕೋಲು ಎತ್ತಬೇಕು.

"ಕೋಲು ಕೈಗೆ ಬಂತಂದ್ರ ಸಿಟ್ಟೂ ಕೈಗೆ ಬರ್ತದ ಬೇಟಿ," ಎಂದು ಆತ ಹೇಳಿದ. ಆ ಮನೆಯಲ್ಲಿ ಮಾತು ಅರ್ಧ ಉರ್ದು, ಅರ್ಧ ಕನ್ನಡ. "ಕೈ ಮಣ್ಣಿಗೆ ಹೋಗಿ ಹಣಿಗೆ ಬರೋದ್ರಾಗ ಆ ಸಿಟ್ಟು ಇಳೀತದ. ಇದು ನನ್ನ ಉಸ್ತಾದ ನನಗ ಕೊಟ್ಟದ್ದು, ಅವರ ಉಸ್ತಾದ ಅವರಿಗೆ ಕೊಟ್ಟದ್ದು. ಸಲಾಂ ಇಲ್ಲದ ಕೋಲು ಗೂಂಡಾನ ಕೋಲು. ಯಾವತ್ತು ನೀ ಸಲಾಂ ಬಿಡ್ತಿ, ಅವತ್ತು ನನ್ನ ಕೋಲು ನನಗ ವಾಪಸ್ ಕೊಡು. ಕೊಟ್ಟ ಮ್ಯಾಲ ನಾ ನಿನ್ನ ಉಸ್ತಾದ ಅಲ್ಲ."

ಪ್ಯಾರಿ ಅಮ್ಮಿಯ ತಲೆ ಮುಟ್ಟಿ ಮಾತು ಕೊಟ್ಟಳು. ಎಂಟು ವರ್ಷದ ಹುಡುಗಿಗೆ ಮಾತಿನ ಭಾರ ಎಷ್ಟು ಗೊತ್ತಿದ್ದೀತು! ಆದರೆ ಅವಳು ಆ ಮಾತನ್ನು ಮೂವತ್ತು ವರ್ಷ ಉಳಿಸಿಕೊಂಡಳು.

ಹದಿನೆಂಟಕ್ಕೆ ಅವಳನ್ನು ಯಡ್ರಾಮಿಗೆ ಕೊಟ್ಟರು. ಆರು ವರ್ಷದ ನಂತರ, ಎಪ್ಪತ್ತೆರಡರಲ್ಲಿ, ಒಂದು ಟ್ರಂಕಿನ ಜೊತೆ ತಿರುಗಿ ಬಂದಳು. ಗಂಡ ಇನ್ನೊಬ್ಬಳನ್ನು ತಂದಿದ್ದಾನೆ ಎಂದಷ್ಟೇ ಹೇಳಿದಳು. ತಂದೆ ಬಾಗಿಲು ತೆರೆದು ಟ್ರಂಕು ಒಳಗೆ ಎತ್ತಿಟ್ಟ, ಒಂದು ಪ್ರಶ್ನೆ ಕೇಳಲಿಲ್ಲ. ಅಮ್ಮಿ ಅದಾಗಲೇ ತೀರಿಕೊಂಡಿದ್ದಳು. ಅಪ್ಪ ಮಗಳು ಇಬ್ಬರೇ ಆ ಮನೆಯಲ್ಲಿ ಉಳಿದರು. ಮೂರು ವರ್ಷದ ಮೇಲೆ ಹಾಸ್ಟೆಲಿನ ಕೆಲಸ ಸಿಕ್ಕಿತು.

ಹಾಸ್ಟೆಲಿನ ವಾರ್ಡನ್ ಸರಸ್ವತಿಬಾಯಿ ಗಟ್ಟಿ ಹೆಂಗಸು. ಹುಡುಗಿಯರು ಹಾಸ್ಟೆಲಿನಿಂದ ಹೈಸ್ಕೂಲಿಗೆ ಹೋಗಬೇಕಾದರೆ ಬಸ್ ಸ್ಟ್ಯಾಂಡು ದಾಟಬೇಕಿತ್ತು. ಅಲ್ಲಿ ಚಹದ ಅಂಗಡಿಗಳ ಮುಂದೆ ದಿನವೂ ಒಂದು ಹಿಂಡು ಗಂಡಸರು ಕೆಲಸವಿಲ್ಲದೆ ನಿಂತಿರುತ್ತಿದ್ದರು. ಎಂಬತ್ನಾಲ್ಕರ ಒಂದು ಬೆಳಿಗ್ಗೆ ಜೇವರ್ಗಿ ಕಡೆಯ ಒಬ್ಬ ಹುಡುಗಿಯ ದಾವಣಿ ಎಳೆದರು. ಅವಳು ಆ ವಾರವೇ ಪುಸ್ತಕ ಕಟ್ಟಿಕೊಂಡು ಊರಿಗೆ ಹೋದಳು, ಮತ್ತೆ ಬರಲಿಲ್ಲ. ಬಹಳ ಚುರುಕಿನ ಹುಡುಗಿ. ಅದಾದ ಮೂರನೆಯ ದಿನ ಸರಸ್ವತಿಬಾಯಿ ಅಡುಗೆಮನೆಗೆ ಬಂದರು. ಬಟ್ಟೆ ಒಣಹಾಕುವ ಗಳವನ್ನು ಪ್ಯಾರಿಬಿ ಯಾರೂ ಇಲ್ಲದಾಗ ಗಿರಗಿರ ತಿರುಗಿಸುವುದನ್ನು ಅವರು ಎಂದೋ ನೋಡಿದ್ದರು.

"ಪ್ಯಾರಿಬಿ, ಅದನ್ನ ಈ ಹುಡುಗ್ಯಾರಿಗೆ ಕಲಸ್ತೀಯೇನು?"

"ಅಬ್ಬಾನ ಕೇಳಬೇಕ್ರಿ ಬಾಯಾರ."

ಹುಸೇನಪೀರ ಗಡ್ಡ ನೀವಿಕೊಂಡ. ಆಮೇಲೆ, "ನನ್ನ ಕೋಲು ಹೊರಗ ಹೋಗಬೇಕಂದ್ರ ಸಲಾಂ ಅದರ ಮುಂದ ಹೋಗಬೇಕು. ಅಷ್ಟಿದ್ರ ಕಲಸು," ಎಂದ.

ಓಣಿಯವರು ಮೂಗು ಮುರಿದರು. ಹುಡುಗಿಯರ ಮನೆಗಳಿಂದ ನಾಲ್ಕು ತಕರಾರಿನ ಪತ್ರಗಳು ಬಂದವು, ಒಬ್ಬರಂತೂ ಮಗಳನ್ನು ಪೈಲ್ವಾನನಿಗೆ ಕೊಡುವ ವಿಚಾರ ತಮಗಿಲ್ಲ ಎಂದು ಬರೆದಿದ್ದರು. ಸರಸ್ವತಿಬಾಯಿ ನಾಲ್ಕಕ್ಕೂ ಉತ್ತರ ಬರೆದರು. ಶಾಲೆ ಬಿಟ್ಟ ಮೇಲೆ ದಿನಾ ಒಂದು ತಾಸು ಹಾಸ್ಟೆಲಿನ ಅಂಗಳದಲ್ಲಿ ಇಪ್ಪತ್ತು ಹುಡುಗಿಯರು ಸಾಲಾಗಿ ನಿಂತರು. ಆ ಒಂದು ತಾಸಿನಲ್ಲಿ ಮೂವತ್ತು ನಲವತ್ತು ಸಲ ಸಲಾಂ ನಡೆಯುತ್ತಿತ್ತು. ಜೋಡಿ ಬದಲಾದರೆ ಸಲಾಂ, ಕೋಲು ಬಿದ್ದರೆ ಸಲಾಂ, ಪೆಟ್ಟು ತಪ್ಪಿದರೆ ಮತ್ತೆ ಮೊದಲಿನಿಂದ ಸಲಾಂ. ಅಪ್ಪ ಕಲಿಸಿದ್ದನ್ನು ಅಪ್ಪನಿಗಿಂತ ಬಿಗಿಯಾಗಿ ಕಲಿಸುವುದು ಪ್ಯಾರಿಬಿಯ ಸ್ವಭಾವ.

ಹುಡುಗಿಯರಲ್ಲಿ ಒಬ್ಬಳು ಪ್ರಮಿಲಾ, ಒಂಬತ್ತನೆಯ ತರಗತಿ. ಅವಳು ಹಾಸ್ಟೆಲಿನವಳಲ್ಲ. ಕಡಗಂಚಿ ಕಡೆಯ ಬಸ್ಸು ಹತ್ತಿ, ದೊಡ್ಡ ರಸ್ತೆಯಲ್ಲಿ ಇಳಿದು, ಹೊಲಗಳ ನಡುವೆ ಒಂದೂವರೆ ಮೈಲಿ ನಡೆದರೆ ಅವಳ ಊರು. ತಂದೆ ಸೊಲ್ಲಾಪುರದ ಗಿರಣಿಯಲ್ಲಿ, ತಾಯಿ ಲೀಲಾಬಾಯಿ ಊರಲ್ಲೇ ಕುಪ್ಪಸ ಹೊಲಿಯುವವಳು. ಪ್ರಮಿಲಾಳ ಕೈಯಲ್ಲಿ ಕೋಲು ಎಷ್ಟು ಹಗುರಾಗಿ ತಿರುಗುತ್ತಿತ್ತೆಂದರೆ ಪ್ಯಾರಿಬಿಗೆ ಅವಳನ್ನು ನೋಡಿದರೆ ಹೊಟ್ಟೆ ತಣ್ಣಗಾಗುತ್ತಿತ್ತು. ಹುರುಪಿನ ಹುಡುಗಿ, ಒಂದು ದಿನ ಆತುರದಲ್ಲಿ ಸಲಾಂ ಮರೆತು ಕೋಲು ಎತ್ತಿದಳು. ಪ್ಯಾರಿಬಿ ಆಟ ನಿಲ್ಲಿಸಿ ಎಲ್ಲರೆದುರು ಅವಳಿಂದ ನೂರು ಸಲಾಂ ಹಾಕಿಸಿದಳು.

"ನಿದ್ದಿಗಣ್ಣಾಗ ಕೋಲು ಹಿಡಿದ್ರೂ ಕೈ ಮೊದಲ ಮಣ್ಣಿಗೇ ಹೋಗಬೇಕು, ತಿಳೀತೇನು?"

"ತಿಳೀತ್ರಿ ಖಾಲಾ," ಎಂದಳು ಪ್ರಮಿಲಾ. ಅವಳ ಬೆನ್ನು ಬೆವರಿನಲ್ಲಿ ತೊಯ್ದಿತ್ತು.

ಅದಾಗಿ ನಾಲ್ಕು ತಿಂಗಳು. ಎಂಬತ್ತೈದರ ಡಿಸೆಂಬರು. ತೊಗರಿ ಆಳೆತ್ತರ ಬೆಳೆದು ನಿಂತಿತ್ತು. ಕೋಲಿನ ತಾಸು ಮುಗಿಸಿ ಹೊರಡುವ ಪ್ರಮಿಲಾಗೆ ನಾಲ್ಕೂವರೆಯ ಬಸ್ಸು ಸಿಗುತ್ತಿರಲಿಲ್ಲ, ಮುಂದಿನ ಬಸ್ಸಿಗೇ ಹೋಗಬೇಕು. ಇಳಿದು ನಡೆಯುವಾಗ ಹೊತ್ತು ಮುಳುಗುತ್ತಿತ್ತು. ಹೊಲದ ದಾರಿಯಲ್ಲಿ ಇಬ್ಬರು ಸೈಕಲ್ಲು ಅಡ್ಡ ನಿಲ್ಲಿಸಿದರು. ಪ್ರಮಿಲಾಳ ಕೈಯಲ್ಲಿ ಕೋಲಿತ್ತು. ಅವಳು ಹೆದರಲಿಲ್ಲ, ಅಳಲಿಲ್ಲ, ಓಡಲಿಲ್ಲ. ಕಾಲು ಅಗಲಿಸಿ ನಿಂತು, ಕೋಲನ್ನು ಪಾದದ ಮುಂದೆ ಅಡ್ಡ ಮಲಗಿಸಿ, ಬಾಗಿ ಮಣ್ಣು ಮುಟ್ಟಿದಳು.

ಒಬ್ಬ ಆ ಕೋಲಿನ ಮೇಲೆ ಕಾಲಿಟ್ಟ. ಇನ್ನೊಬ್ಬ ಅವಳನ್ನು ನೂಕಿದ. ಕೋಲು ಅವರ ಕೈಗೆ ಹೋಯಿತು, ಅದರಿಂದಲೇ ಅವಳ ಬಲಗೈ ಮುಂಗೈ ಹತ್ತಿರ ಮುರಿಯಿತು. ಪಕ್ಕದ ಹೊಲದಲ್ಲಿ ಕೆಲಸ ಮುಗಿಸಿ ಹೊರಟಿದ್ದ ಹೆಂಗಸರು ಕಿರುಚಾಟ ಕೇಳಿ ಕುಡುಗೋಲು ಎತ್ತಿಕೊಂಡು ಓಡಿ ಬರದಿದ್ದರೆ ಏನಾಗುತ್ತಿತ್ತೋ, ಆ ಮಾತು ಬೇಡ. ಆ ಇಬ್ಬರು ಯಾರೆಂದು ಆ ಸೀಮೆಗೆಲ್ಲ ಗೊತ್ತಿತ್ತು. ಹುಡುಗಿಯ ಹೆಸರು ಕೆಡುತ್ತದೆಂದು ಯಾರೂ ಬಾಯಿ ಬಿಡಲಿಲ್ಲ. ಇಂಥ ಕಡೆ ಹೆಸರು ಕೆಡುವುದು ಯಾವಾಗಲೂ ಪೆಟ್ಟು ತಿಂದವರದೇ.

ಪ್ಯಾರಿಬಿಗೆ ಸುದ್ದಿ ಮುಟ್ಟಿದ್ದು ಮೂರನೆಯ ದಿನ. ಒಲೆ ಆರಿಸಿ, ಸೆರಗು ತಲೆಗೆಳೆದುಕೊಂಡು, ಸಿಕ್ಕ ಬಸ್ಸು ಹತ್ತಿದಳು. ಪ್ರಮಿಲಾ ಗೋಡೆಗೆ ಒರಗಿ ಕೂತಿದ್ದಳು, ಕೈಗೆ ಬಿದಿರು ಪಟ್ಟಿಯ ಕಟ್ಟು. ಲೀಲಾಬಾಯಿ ಹೊಲಿಗೆ ಯಂತ್ರದ ಮುಂದಿನಿಂದ ಏಳಲಿಲ್ಲ, ಕೂಡು ಎನ್ನಲಿಲ್ಲ.

"ಕೋಲು ಇಲ್ದಿದ್ರ ನನ್ನ ಮಗಳು ಓಡಿ ಬರ್ತಿದ್ಳು," ಎಂದಳು. "ಓಡಾಕ ಆಕಿಗೆ ಬರ್ತಿತ್ರಿ. ನಿಮ್ಮ ಕೋಲು ಆಕೀನ ನಿಂದರಿಸ್ತು."

ಪ್ರಮಿಲಾ ಮಾತ್ರ ತನ್ನದೇ ತಪ್ಪೆಂಬಂತೆ ಮೆಲ್ಲಗೆ ಹೇಳಿದಳು:

"ಸಲಾಂ ಹಾಕಬೇಕಂತ ನಾ ಮನಸಿನಾಗ ಅನ್ಕೊಳ್ಳಿಲ್ರಿ ಖಾಲಾ. ಕೈ ತಾನ ಹೋತು."

ಆ ಮಾತು ಪ್ಯಾರಿಬಿಯ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತು. ಕೈ ತಾನಾಗಿ ಹೋಗುವಂತೆ ಮಾಡಿದ್ದು ಅವಳೇ. ನೂರು ಸಲ ಎಣಿಸಿ ಮಾಡಿಸಿದ್ದು ಅವಳೇ. ಮೂಳೆ ಕಟ್ಟಲು ಹುಸೇನಪೀರನ ಕಡೆ ಬರದೆ, ಈ ಮನೆಯವರು ಪಕ್ಕದೂರಿನ ಯಾರಿಂದಲೋ ಕಟ್ಟಿಸಿಕೊಂಡದ್ದು ಯಾಕೆಂದು ಅವಳು ಕೇಳಬೇಕಾಗಿರಲಿಲ್ಲ.

ಹಾಸ್ಟೆಲಿಗೆ ಬಂದವಳೇ ಕೋಲುಗಳನ್ನೆಲ್ಲ ಒಟ್ಟು ಮಾಡಿ ಉಗ್ರಾಣಕ್ಕೆ ಹಾಕಿದಳು. ಸರಸ್ವತಿಬಾಯಿ ಹಿಂದೆಯೇ ಬಂದು ನಿಂತರು. "ನೀ ಕೋಲು ಒಳಗ ಇಟ್ಟಿ ಅಂತ ಆ ಬಸ್ ಸ್ಟ್ಯಾಂಡಿನವರು ಮನಿಗೆ ಹೋಗ್ತಾರೇನು? ಹುಡುಗ್ಯಾರು ನಾಳೆನೂ ಅದೇ ದಾರಿ ಹಿಡೀಬೇಕು. ಬಿಡಬ್ಯಾಡ. ಸರಿ ಮಾಡು," ಎಂದರು.

ಸರಿ ಮಾಡುವುದೆಂದರೆ ಏನು? ಸಲಾಂ ಬಿಡಿಸುವುದು. ಅದನ್ನು ಬಿಡಿಸಿದರೆ ಅಪ್ಪನಿಗೆ ಕೊಟ್ಟ ಮಾತು ಹೋಯಿತು, ಅಪ್ಪ ಉಸ್ತಾದನಾಗಿ ಉಳಿಯುವುದಿಲ್ಲ. ಉಳಿದ ಒಂದೇ ಆಸರೆ ಆತ. ಬಿಡಿಸದಿದ್ದರೆ ಇನ್ನೊಬ್ಬ ಪ್ರಮಿಲಾ. ಪ್ಯಾರಿಬಿಗೆ ಮೂರು ವಾರ ಉಂಡದ್ದು ಮೈಗೆ ಹತ್ತಲಿಲ್ಲ. ಒಂದು ಮಧ್ಯಾಹ್ನ ಯಾರೂ ಇಲ್ಲದ ಅಂಗಳದಲ್ಲಿ ಕೋಲು ಹಿಡಿದು, ಸಲಾಂ ಇಲ್ಲದೆ ಎತ್ತಿ ನೋಡೋಣವೆಂದು ನಿಂತಳು. ಕೋಲು ಮಲಗಿತು, ಬೆನ್ನು ಬಾಗಿತು, ಕೈ ಮಣ್ಣಿಗೆ ಹೋಯಿತು. ಹತ್ತು ಸಲ ನೋಡಿದಳು, ಏಳು ಸಲ ಹಾಗೇ ಆಯಿತು. ತನ್ನ ಮೈಗೇ ಬಾರದ್ದನ್ನು ಇನ್ನೊಬ್ಬರಿಗೆ ಕಲಿಸುವುದು ಹೇಗೆ?

ಅಂದು ಸಂಜೆ ಅವಳು ತಂದೆಯ ಮುಂದೆ ಕೋಲು ತಂದಿಟ್ಟಳು.

"ತಗೋ ಅಬ್ಬಾ. ನಾ ಹುಡುಗ್ಯಾರಿಗೆ ಸಲಾಂ ಬಿಡಸ್ತೇನಿ."

ಹುಸೇನಪೀರನ ಮುಖ ಕಪ್ಪಿಟ್ಟಿತು. "ಆ ಹುಡುಗಿದು ಕೆಟ್ಟ ನಸೀಬು. ಅದಕ್ಕ ಸಲಾಂ ಏನು ಮಾಡ್ತು? ಬಿಟ್ಟರ ನಿನ್ನ ಹುಡುಗ್ಯಾರಿಗೂ ಆ ಇಬ್ಬರಿಗೂ ಏನು ಫರಕ್ಕು?"

"ಆ ಇಬ್ಬರಿಗೆ ಸಲಾಂ ಯಾವ ತಾಲೀಮಿನ್ಯಾಗ ಕಲಿಸ್ಯಾರ ಅಬ್ಬಾ?"

ಪ್ಯಾರಿಬಿ ಅಷ್ಟಕ್ಕೇ ನಿಲ್ಲಲಿಲ್ಲ. ಹದಿಮೂರು ವರ್ಷ ಒಳಗಿಟ್ಟುಕೊಂಡಿದ್ದು ಆ ಹೊತ್ತಿಗೆ ಹೊರಬಿತ್ತು.

"ಯಡ್ರಾಮ್ಯಾಗ ಆರು ವರ್ಷ ಹೊಡಸ್ಕೊಂಡೆ. ನೀ ಕೇಳಲಿಲ್ಲ, ನಾ ಹೇಳಲಿಲ್ಲ. ನಾ ಕೋಲು ಬಲ್ಲಾಕಿ, ಉಸ್ತಾದನ ಮಗಳು! ಖರೆ, ಅಂವ ಒಂದು ದಿನಾನೂ ಸಲಾಂ ಹಾಕಿ ಹೊಡೀಲಿಲ್ಲ, ನನ್ನ ಕೋಲು ಏಳಲಿಲ್ಲ."

ಮುದುಕ ಮಗಳನ್ನು ಹೊಸದಾಗಿ ನೋಡುವವನಂತೆ ನೋಡಿದ. ಆ ರಾತ್ರಿ ಇಬ್ಬರೂ ಉಣ್ಣಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಆತ ಟೊಪ್ಪಿಗೆ ಇಟ್ಟುಕೊಂಡು ಬಾಗಿಲಲ್ಲಿ ನಿಂತು, "ನಡಿ, ಆ ಹುಡುಗಿ ಮನಿ ತೋರಸು," ಎಂದ.

ಎಪ್ಪತ್ತು ದಾಟಿದ ಮುದುಕ ಒಂದೂವರೆ ಮೈಲಿ ಹೊಲದ ದಾರಿಯನ್ನು ನಾಲ್ಕು ಕಡೆ ಕೂತು ಎದ್ದು ನಡೆದ. ಲೀಲಾಬಾಯಿ ಈ ಸಲ ಎದ್ದು ನಿಂತಳು. ಅಷ್ಟು ವಯಸ್ಸಾದವರ ಮೇಲೆ ಅವಳಿಗೆ ಸಿಟ್ಟು ಹರಿಯಲಿಲ್ಲ. ಹುಸೇನಪೀರ ಪ್ರಮಿಲಾಳ ಎದುರು ನೆಲದ ಮೇಲೆ ಕೂತು, ಕಟ್ಟು ಬಿಚ್ಚಿ, ಮೂಳೆಯ ಉದ್ದಕ್ಕೂ ಬೆರಳಾಡಿಸಿದ. ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು.

"ಮೊದಲನೇ ವಾರದಾಗ ನಾ ಬಂದಿದ್ದರ ನೆಟ್ಟಗ ಕೂಡ್ತಿತ್ತು ತಾಯಿ," ಎಂದ. "ಸುದ್ದಿ ನನಗೂ ಗೊತ್ತಿತ್ತು. ಕರೀಲಿಲ್ಲ ಅಂತ ಕುಂತೆ. ನನ್ನ ಸೊಕ್ಕು."

ಅಂದು ಹೇಗಾಯಿತೆಂದು ತೋರಿಸು ಎಂದು ಹುಡುಗಿಯನ್ನು ಕೇಳಿದ. ಪ್ರಮಿಲಾ ತಾಯಿಯ ಮುಖ ನೋಡಿದಳು. ಬಳಿಕ ಎದ್ದು, ಇಲ್ಲದ ಕೋಲನ್ನು ಪಾದದ ಮುಂದೆ ಮಲಗಿಸಿ, ಬಾಗಿ, ಆ ಸೊಟ್ಟ ಕೈಯಿಂದ ನೆಲ ಮುಟ್ಟಿ, ಹಣೆಗೊಯ್ದು, ಎದೆಗೆ ತಂದು, ಮುದುಕನ ಕಣ್ಣು ನೋಡಿದಳು. ಒಂದು ಕೂದಲಷ್ಟೂ ತಪ್ಪಿರಲಿಲ್ಲ. ತಾಲೀಮಿನ ಗಂಡಸರಲ್ಲಿ ಅಷ್ಟು ಶುದ್ಧವಾದ ಸಲಾಂ ಒಬ್ಬನಿಗೂ ಬರುತ್ತಿರಲಿಲ್ಲ. ಹುಸೇನಪೀರ ತನ್ನ ಉಸ್ತಾದನ ಸಲಾಮನ್ನು ಆ ಮುರಿದ ಕೈಯಲ್ಲಿ ಕಂಡ. ಪ್ಯಾರಿಬಿ ತಂದೆ ಅಳುವುದನ್ನು ನೋಡಿದ್ದು ಅದೇ ಮೊದಲು. ಅಮ್ಮಿ ಸತ್ತಾಗಲೂ ಆತ ಅತ್ತಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಪ್ಯಾರಿಬಿ ಮನೆಯ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಗ ಹಿಂದಿನಿಂದ ಹೆಗಲ ಮೇಲೆ ಫಟ್ಟನೆ ಪೆಟ್ಟು ಬಿತ್ತು. ತಿರುಗಿದರೆ ಅಪ್ಪ ಕೋಲು ಹಿಡಿದು ನಿಂತಿದ್ದಾನೆ. ಅವಳ ಹಿಟ್ಟಿನ ಕೈ ಆಗಲೇ ನೆಲಕ್ಕೆ ಹೋಗಿತ್ತು.

"ಸತ್ತಿ," ಎಂದ ಆತ. ಹೊರಗೆ ಹೋದ.

ಸಂಜೆ ಕೊಡ ಇಳಿಸುವಾಗ ಮತ್ತೊಂದು ಪೆಟ್ಟು. ಮತ್ತೆ, "ಸತ್ತಿ." ಮುದುಕನಿಗೆ ತಲೆ ಕೆಟ್ಟಿತೆಂದು ಪ್ಯಾರಿಬಿ ಹೆದರಿದಳು. ಮೂರನೆಯ ಪೆಟ್ಟಿಗೆ ಅವಳಿಗೆ ಅರ್ಥವಾಯಿತು. ಮೂವತ್ತು ವರ್ಷದ ಹಿಂದೆ ತಾನೇ ಮಗಳ ಮೈಗೆ ಹಾಕಿದ್ದನ್ನು ಆತ ತಾನೇ ತೆಗೆಯಲು ನಿಂತಿದ್ದ. ಬೇರೆ ಯಾರಿಂದಲೂ ಅದು ಆಗುವಂತಿರಲಿಲ್ಲ. ಅಂದಿನಿಂದ ಅವಳೂ ಒಂದು ಕೋಲನ್ನು ಕೈಗೆಟಕುವಲ್ಲೇ ಇಟ್ಟುಕೊಂಡಳು. ಕಸ ಗುಡಿಸುವಾಗ, ಬಟ್ಟೆ ಹಿಂಡುವಾಗ, ಬಾಗಿಲು ತೆರೆಯುವಾಗ ಪೆಟ್ಟು ಬೀಳುತ್ತಿತ್ತು. ಗೋಡೆಯಾಚೆಯಿಂದ ಇಣುಕಿದ ನೆರೆಮನೆಯ ಗೌಸಿಯಾಬೇಗಂ, "ಮಗಳು ಮುದುಕಿ ಆದ ಮ್ಯಾಲ ಹೊಡಿಯಾಕ ಸುರು ಮಾಡ್ಯಾನ, ನೋಡ್ರೆವ್ವಾ," ಎಂದು ಓಣಿಗೆಲ್ಲ ಸಾರಿದಳು. ಪ್ಯಾರಿಬಿಯ ತೋಳಿನ ತುಂಬ ಹಸಿರು-ನೀಲಿ ಕಲೆಗಳು. ತಿಂಗಳ ಕೊನೆಗೆ ಕೈ ನೆಲಕ್ಕೆ ಹೋಗುವುದು ನಿಂತಿತು, ಆದರೆ ಮೇಲೆ ಏಳದೆ ನಡುವೆಯೇ ತಡವರಿಸುತ್ತಿತ್ತು. "ಅರ್ಧ ಸತ್ತಿ," ಎನ್ನುತ್ತಿದ್ದ ಮುದುಕ.

ನಲವತ್ತು ದಿನ ಕಳೆದಿರಬೇಕು. ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ನೆರಳು ಅಲುಗಿದ್ದನ್ನು ಕಂಡಳೋ ಇಲ್ಲವೋ, ಅವಳ ಕೋಲು ಎದ್ದು ಆತನ ಕೋಲನ್ನು ಹಾರಿಸಿತು. ಅವಳು ತನ್ನ ಕೈ ತಡೆಯುವ ಮೊದಲೇ ಅವಳ ಎರಡನೆಯ ಪೆಟ್ಟು ಆತನ ಮುಂಗೈಯ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ಇಬ್ಬರಿಗೂ ಕೇಳಿಸಿತು.

"ಯಾ ಅಲ್ಲಾ! ಅಬ್ಬಾ!" ಪ್ಯಾರಿಬಿ ಕೋಲು ಎಸೆದು ಆತನ ಕಾಲಿಗೆ ಬಿದ್ದಳು.

"ಅಳಬ್ಯಾಡ. ಸರಿಯಾದ ಜಾಗಾಕ್ಕ ಬಿದ್ದದ," ಎಂದ ಹುಸೇನಪೀರ, ಹಲ್ಲು ಕಚ್ಚಿಕೊಂಡು ಕೂರುತ್ತ. "ಬಿದಿರು ಪಟ್ಟಿ ತಾ, ಅರಿವಿ ತಾ." ಎಡಗೈಯಿಂದ ಬಲಗೈಯ ಮೂಳೆ ಕೂಡಿಸಿ, ಬಟ್ಟೆಯ ತುದಿಯನ್ನು ಹಲ್ಲಿನಿಂದ ಎಳೆದು, ತನ್ನ ಕೈಗೆ ತಾನೇ ಕಟ್ಟು ಹಾಕಿಕೊಂಡ. ಬೆವರು ಒರೆಸಿಕೊಂಡು, "ಈಗ ಹುಡುಗ್ಯಾರಿಗೆ ಕಲಸು," ಎಂದ.

ಕೈ ಕೂಡಿತು, ನೆಟ್ಟಗೇ ಕೂಡಿತು. ಆದರೆ ಹುಸೇನಪೀರ ತಾಲೀಮಿಗೆ ಹೋಗಲಿಲ್ಲ. ನೋವಿಗೆ ಇರಬೇಕೆಂದು ಪ್ಯಾರಿಬಿ ಅಂದುಕೊಂಡಳು. ಒಂದು ಗುರುವಾರ ಆತನ ಹಿರಿಯ ಶಿಷ್ಯ ಖಾದರಸಾಬ ಕರೆಯಲು ಬಂದ. ಪ್ಯಾರಿಬಿ ಬಾಗಿಲ ಹಿಂದೆ ಚಹ ಸೋಸುತ್ತಿದ್ದಳು.

"ತಾಲೀಮಿಗೆ ನೀವು ಬರದ ಎರಡು ತಿಂಗಳಾತ್ರಿ ಉಸ್ತಾದ. ಕೈ ಇನ್ನಾ ನೋಯ್ತದೇನ್ರಿ?"

"ಕೈ ನೆಟ್ಟಗದ. ನಾ ಸಲಾಂ ಮುರದೀನಿ ಖಾದರ. ಹೇಳದ ಹೊಡದೀನಿ, ಹಿಂದಿನಿಂದ ಹೊಡದೀನಿ, ರೊಟ್ಟಿ ಬಡಿಯೋ ಕೈಗೆ ಹೊಡದೀನಿ. ಅಂಥಾವ ಆ ಮಣ್ಣು ತುಳೀಬಾರದು. ನಿಮಗೆಲ್ಲ ಇದೇ ಕಾನೂನು ಹೇಳಿಕೊಟ್ಟಾವ ನಾನು."

"ಮನಿ ಒಳಗಿನ ಮಾತ್ರಿ. ಯಾರು ನೋಡ್ಯಾರ?"

"ನಾ ನೋಡೀನಿ," ಎಂದ ಹುಸೇನಪೀರ. "ಇನ್ನ ಗಾದಿ ನಿಂದು. ಮಣ್ಣಿಗೆ ಮಜ್ಜಿಗಿ ಹಾಕೋದು ಮರೀಬ್ಯಾಡ, ಬ್ಯಾಸಿಗಿ ಬಂತು."

ಮೊದಲ ಪೆಟ್ಟು ಹೊಡೆದ ದಿನವೇ, ಹೊಡೆಯುವ ಮೊದಲೇ, ಆತ ಇದನ್ನು ಲೆಕ್ಕ ಹಾಕಿದ್ದನೆಂದು ಬಾಗಿಲ ಹಿಂದಿದ್ದ ಪ್ಯಾರಿಬಿಗೆ ಆಗ ತಿಳಿಯಿತು. ಐವತ್ತು ವರ್ಷ ತುಳಿದ ಮಣ್ಣು. ಈಗ ಆ ಹೊಸ್ತಿಲಿನ ಹೊರಗೆ ಮಗಳ ಪಕ್ಕದಲ್ಲಿ ಅಪ್ಪನೂ ನಿಂತಂತಾಯಿತು. ಖಾದರಸಾಬ ಹೋದ ಮೇಲೆ ಅವಳು ಬಂದು ಆತನ ಎದುರು ಕೂತಳು, ಚಹದ ಲೋಟ ಆತನ ಮುಂದೆ ಸರಿಸಿ ಎದ್ದು ಹೋದಳು.

ಎಂಬತ್ತಾರರ ಜೂನಿನಲ್ಲಿ ಅಂಗಳದಲ್ಲಿ ಮತ್ತೆ ಕೋಲು ಆಡಿತು, ಸಲಾಂ ಇಲ್ಲದೆ. ಈಗ ತಾಸಿನ ಲೆಕ್ಕವೂ ಇರಲಿಲ್ಲ. ತಲೆ ಬಾಚುವಾಗ, ತಟ್ಟೆ ಹಿಡಿದು ನಿಂತಾಗ, ಪಾಠ ಓದುತ್ತ ಕೂತಾಗ ಪ್ಯಾರಿಬಿಯ ಕೋಲು ಬರುತ್ತಿತ್ತು. ಹುಡುಗಿಯರು ಮೊದಮೊದಲು ಅಳುತ್ತಿದ್ದರು, ಆಮೇಲೆ ಕೈ ಎತ್ತಲು ಕಲಿತರು. ಓಡುವುದನ್ನೂ ಕಲಿಸಿದಳು; ಓಡಲು ದಾರಿ ಇದ್ದರೆ ಕೋಲು ಎಸೆದು ಓಡಿರಿ ಎನ್ನುತ್ತಿದ್ದಳು. ಬಸ್ ಸ್ಟ್ಯಾಂಡಿನ ಹತ್ತಿರ ಆ ವರ್ಷ ಇಬ್ಬರ ಮೂಗು ಒಡೆಯಿತು. ಚಹದ ಅಂಗಡಿಯ ಮುಂದಿನ ಹಿಂಡು ಮೆಲ್ಲಗೆ ಕರಗಿತು. ಒಡೆದ ಮೂಗುಗಳ ಬಗ್ಗೆ ಯಾರೂ ದೂರು ಕೊಡಲಿಲ್ಲ, ಯಾರು ಒಡೆದರೆಂದು ಹೇಳಿಕೊಳ್ಳಬೇಕಲ್ಲ!

ಲೀಲಾಬಾಯಿ ಪ್ರಮಿಲಾಳನ್ನು ಕರೆದುಕೊಂಡು ಬಂದದ್ದು ಜುಲೈಯಲ್ಲಿ. "ನಾ ಕುಂತು ನೋಡ್ತೇನ್ರಿ," ಎಂದು ಕಟ್ಟೆಯ ಮೇಲೆ ಕೂತು ಎರಡು ದಿನ ನೋಡಿದಳು. ಮೂರನೆಯ ದಿನ ಒಬ್ಬಳೇ ಊರಿಗೆ ಹೋದಳು, ಮಗಳನ್ನು ಹಾಸ್ಟೆಲಿಗೆ ಸೇರಿಸಿ. ಸೊಟ್ಟ ಕೈಗೆ ಕೋಲು ಸರಿಯಾಗಿ ನಿಲ್ಲುತ್ತಿರಲಿಲ್ಲ. ಪ್ರಮಿಲಾ ಹಿಡಿಯುವ ರೀತಿಯನ್ನೇ ಬದಲಿಸಿಕೊಂಡಳು. ಒಂದು ವರ್ಷ ತಡವಾಗಿ ಹತ್ತನೆಯದು ಪಾಸಾದಳು, ಕಲಬುರ್ಗಿಯಲ್ಲಿ ಶಿಕ್ಷಕಿಯ ತರಬೇತಿ ಮುಗಿಸಿದಳು, ಆಳಂದದ ಹತ್ತಿರದ ಒಂದು ಶಾಲೆಗೆ ಬಂದಳು. ಶನಿವಾರ ತಪ್ಪದೆ ಹಾಸ್ಟೆಲಿಗೆ ಬಂದು ಹೊಸ ಹುಡುಗಿಯರನ್ನು ಪ್ಯಾರಿಬಿಯ ಜೊತೆ ನಿಂತು ತಿದ್ದುತ್ತಿದ್ದಳು.

ಹುಸೇನಪೀರ ಸತ್ತದ್ದು ತೊಂಬತ್ತೆರಡರ ಚಳಿಗಾಲದಲ್ಲಿ. ಉಸ್ತಾದ ಸತ್ತರೆ ಹೆಣ ಹೊತ್ತ ಜನಾಜಾವನ್ನು ತಾಲೀಮಿನ ಮುಂದೆ ಒಂದು ಗಳಿಗೆ ನಿಲ್ಲಿಸಿ, ಒಳಗಿನ ಮಣ್ಣು ಒಂದು ಹಿಡಿ ಬಟ್ಟೆಯಲ್ಲಿ ಕಟ್ಟಿ ಕಬರಿಗೆ ಒಯ್ಯುವುದು ಅವರ ವಾಡಿಕೆ. ತನಗೆ ಅದು ಬೇಡವೆಂದು ಆತ ಖಾದರಸಾಬನಿಂದ ಮೊದಲೇ ಮಾತು ತೆಗೆದುಕೊಂಡಿದ್ದ. ಪ್ಯಾರಿಬಿ ಮಾಳಿಗೆಯ ಮೇಲಿನಿಂದ ನೋಡಿದಳು. ತಾಲೀಮಿನ ಬಾಗಿಲು ತೆರೆದಿತ್ತು, ಶಿಷ್ಯರು ಎರಡೂ ಕಡೆ ತಲೆ ತಗ್ಗಿಸಿ ನಿಂತಿದ್ದರು. ಹೊತ್ತವರ ಹೆಜ್ಜೆ ನಿಧಾನವಾಯಿತು. ಆದರೆ ಜನಾಜಾ ನಿಲ್ಲಲಿಲ್ಲ, ಮುಂದೆ ಹೋಯಿತು. ಪ್ಯಾರಿಬಿ ಅಲ್ಲೇ ಕುಸಿದು ಕೂತು ಬಾಯಿ ಬಿಟ್ಟು ಅತ್ತಳು.

ಮೂರನೆಯ ದಿನದ ಜಿಯಾರತ್ ಪ್ರಾರ್ಥನೆ ಮುಗಿಸಿ ಮಾರನೆಯ ಸಂಜೆ, ಶನಿವಾರ, ಹಾಸ್ಟೆಲಿಗೆ ಹೋದಳು. ಅಂಗಳದಲ್ಲಿ ಮೂವತ್ತು ಹುಡುಗಿಯರು ಸದ್ದಿಲ್ಲದೆ ಸಾಲಾಗಿ ನಿಂತಿದ್ದರು, ಮುಂದೆ ಪ್ರಮಿಲಾ. ಪ್ಯಾರಿಬಿ ಬಂದದ್ದನ್ನು ನೋಡಿ ಪ್ರಮಿಲಾ ಕೋಲನ್ನು ಪಾದದ ಮುಂದೆ ಅಡ್ಡ ಮಲಗಿಸಿದಳು. ಮೂವತ್ತು ಕೋಲುಗಳು ಮಲಗಿದವು. ಎಲ್ಲರೂ ಬಾಗಿದರು. ತೀರಿಕೊಂಡ ಉಸ್ತಾದನಿಗೆ ಒಂದು ಸಲವಾದರೂ ಸಲಾಂ ಸಲ್ಲಲಿ ಎಂದು ಪ್ರಮಿಲಾ ಎರಡು ದಿನ ಕೂತು ಎಲ್ಲರಿಗೂ ಕಲಿಸಿದ್ದಳು.

ಪ್ಯಾರಿಬಿಯ ಕಣ್ಣು ತುಂಬಿ ಬಂತು. ಆ ಸಲಾಂ ಎಷ್ಟು ಚೆಂದವಿತ್ತೆಂದು ಅವಳಿಗಿಂತ ಹೆಚ್ಚು ಯಾರಿಗೆ ಗೊತ್ತು. ಅದನ್ನು ಮುಗಿಯುವವರೆಗೆ ನೋಡಬೇಕೆಂದು ಜೀವ ಬಡಿದುಕೊಂಡಿತು. ಆದರೆ ಅವಳು ಗೋಡೆಗೆ ಒರಗಿಸಿದ್ದ ಕೋಲು ಎತ್ತಿಕೊಂಡಳು.

"ಏಳ್ರೇ! ಮಣ್ಣು ಬಿಡ್ರಿ!" ಎಂದು ಕೂಗಿದಳು. "ಇದು ನಿಮ್ಮ ಮೈಗೆ ಹತ್ತಬಾರದಂತ ಅಬ್ಬಾ ತನ್ನ ಮಣ್ಣು ಬಿಟ್ಟು ಹೋಗ್ಯಾನ!"

ಹಾಗೆನ್ನುತ್ತಲೇ ಬಾಗಿದ್ದ ಪ್ರಮಿಲಾಳ ಹೆಗಲಿಗೆ ಗುರಿಯಿಟ್ಟು ಬಲವಾಗಿ ಬೀಸಿದಳು.

ಪ್ರಮಿಲಾಳ ಸೊಟ್ಟ ಕೈ ಆಗಷ್ಟೇ ನೆಲ ಮುಟ್ಟಿತ್ತು. ಅದು ಹಣೆಗೆ ಹೋಗಲಿಲ್ಲ. ಮಲಗಿದ್ದ ಕೋಲನ್ನು ಬಾಚಿಕೊಂಡು ಮೇಲೆದ್ದಿತು, ಪ್ಯಾರಿಬಿಯ ಪೆಟ್ಟನ್ನು ಗಾಳಿಯಲ್ಲೇ ತಡೆದು ನಿಲ್ಲಿಸಿತು.